ಬಾರ್ ಅಂದಮೇಲೆ ಹಾಗೇ ಅಂದವರು ಯಾರು?

ನಮ್ಮೂರ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಫೇಲಾಗಿ ಬೆಂಗಳೂರಿಗೆ ಹೋದ. ಬಾರೊಂದರಲ್ಲಿ ಸಪ್ಲೈಯರ್ ಆದ. ಯುಗಾದಿಗೆ ಊರಿಗೆ ಬಂದಿದ್ದಾಗ ಜಗಲಿ ಮೇಲೆ ಕೂತು ಮಾತಾಡುತ್ತಾ, ‘ರಾತ್ರಿ ಎಲ್ಲಿ ಮಲಗ್ತೀಯಪ್ಪ?’ ಎಂದು ಕೇಳಿದೆ. ‘ಅಲ್ಲೇ ಅಣ್ಣ. ಎಲ್ಲಾ ಕ್ಲೋಸ್ ಆದ್ಮೇಲೆ ಟೇಬಲ್ ಸರಿಸಿ ಚಾಪೆ ಹಾಸ್ಕೊಳ್ತೀವಿ. ಓನರು ಷಟರ್ ಎಳೆದು ಹೊರಗಡೆಯಿಂದ ಬೀಗ ಹಾಕ್ಕೊಂಡು ಹೋಗ್ತಾರೆ. ಬೆಳಿಗ್ಗೆ ಕ್ಯಾಷಿಯರ್ ಬಂದು ತೆಗೀತಾರೆ’ ಅಂದ. ‘ಒಳಗೆ ಏನಾದರೂ ಆದರೆ ಹೊರಗೆ ಬರೋದು ಹೇಗೋ?’ ಅಂದೆ. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ‘ಬಾರ್ ಅಂದ್ಮೇಲೆ ಹಂಗೇ ಅಲ್ವಾ ಅಣ್ಣ’ ಎಂದು ನನಗೇ ಸಮಾಧಾನ ಹೇಳಿದ.

ಹದಿನೆಂಟು ತುಂಬಿದ ಹುಡುಗನ ಬಾಯಲ್ಲಿ ಈ ಮಾತು ತಾನಾಗಿ ಹುಟ್ಟಿದ್ದಲ್ಲ, ನಾವೆಲ್ಲ ಸೇರಿ ಕಲಿಸಿದ್ದು. ಬಾರಿನ ಮಾಲೀಕ ಇದನ್ನೇ ಹೇಳುತ್ತಾನೆ. ತಪಾಸಣೆಗೆ ಬರಬೇಕಾದ ಅಧಿಕಾರಿ ಇದನ್ನೇ ಹೇಳುತ್ತಾನೆ. ಕುಡಿಯುವವನು ಹೇಳುತ್ತಾನೆ, ಕುಡಿಯುವವನನ್ನು ಕಂಡರೆ ಮುಖ ತಿರುಗಿಸುವ ಸಭ್ಯಸ್ಥನೂ ಹೇಳುತ್ತಾನೆ. ಬೇರೆ ಯಾವ ವಿಷಯದಲ್ಲೂ ಒಂದು ಮಾತಿಗೆ ಬಾರದ ಈ ನಾಲ್ವರು ಇಲ್ಲಿ ಒಂದಾಗುತ್ತಾರೆ. ಕುಡಿಯುವ ಜಾಗ, ಇನ್ನು ಹೇಗಿದ್ದೀತು? ಕುಡಿಯುವವನಿಗೆ ಬುದ್ಧಿ ಇರಬೇಕು, ಮಾರುವವನದೇನು ತಪ್ಪು? ಶುಲ್ಕ ಕಟ್ಟಿದ್ದಾನೆ, ಲೈಸೆನ್ಸ್ ಗೋಡೆಗೆ ತೂಗುಹಾಕಿದ್ದಾನೆ, ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಾನೆ. ಅವನಿಂದ ಇನ್ನೇನು ಬೇಕು?

ಬೇಕಾದದ್ದು ಬಹಳ ಇದೆ. ಕುಡಿತ ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ಜಗಳಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಸರ್ಕಾರ ಸಹಿ ಹಾಕಿ ತೆರೆಯಲು ಬಿಟ್ಟ ಬಾಗಿಲಿನೊಳಗೆ ಹೋದ ಮನುಷ್ಯ, ಅವನು ಕುಡಿಯಲು ಹೋದವನಿರಲಿ, ಬಡಿಸಲು ಹೋದವನಿರಲಿ, ಜೀವಂತವಾಗಿ ಮನೆಗೆ ಮರಳಬೇಕು. ಅವನನ್ನು ಮರಳಿಸುವ ಹೊಣೆ ಆ ಬಾಗಿಲು ತೆರೆದವನದು, ತೆರೆಯಲು ಬಿಟ್ಟವನದು. ಇಷ್ಟು ಸರಳವಾದ ಮಾತನ್ನು ಅರವತ್ತು ವರ್ಷದ ಅಬಕಾರಿ ಕಾಯ್ದೆಯ ಚರಿತ್ರೆಯಲ್ಲಿ ನಾವು ಗಟ್ಟಿಯಾಗಿ ಹೇಳಲೇ ಇಲ್ಲ.

ಬೆಂಕಿಯಿಂದಲೇ ಶುರುಮಾಡುತ್ತೇನೆ. 2017ರ ಡಿಸೆಂಬರ್ 29ರ ನಡುರಾತ್ರಿ ಮುಂಬೈಯ ಕಮಲಾ ಮಿಲ್ಸ್ ಆವರಣದಲ್ಲಿ, ತಾರಸಿಯ ಮೇಲಿದ್ದ ಎರಡು ಪಬ್ಬುಗಳಿಗೆ ಬೆಂಕಿ ಬಿತ್ತು. ಸತ್ತವರು 14 ಮಂದಿ. ಹಲವರು ದಾರಿ ಕಾಣದೆ ಶೌಚಾಲಯದೊಳಗೆ ಹೊಕ್ಕು ಹೊಗೆಗೆ ಉಸಿರು ಕಟ್ಟಿ ಸತ್ತರು. ದೇಶವೆಲ್ಲ ಅದನ್ನು ಟಿ.ವಿ.ಯಲ್ಲಿ ನೋಡಿತು. ಬೆಂಗಳೂರಿನಲ್ಲೂ ತಪಾಸಣೆಯ ಮಾತು ಎದ್ದಿತು. ಹತ್ತು ದಿನ ಕಳೆಯಿತು. 2018ರ ಜನವರಿ 8ರ ನಸುಕಿನಲ್ಲಿ, ಕೆ.ಆರ್. ಮಾರುಕಟ್ಟೆಯ ಮಗ್ಗುಲಲ್ಲಿ, ಕುಂಬಾರ ಸಂಘದ ಕಟ್ಟಡದ ನೆಲ ಅಂತಸ್ತಿನ ಬಾರೊಂದಕ್ಕೆ ಬೆಂಕಿ ಹತ್ತಿತು. ಒಳಗೆ ಗಿರಾಕಿಗಳಿರಲಿಲ್ಲ. ದಿನವಿಡೀ ಗ್ಲಾಸು ಎತ್ತಿ, ಟೇಬಲ್ ಒರೆಸಿ, ಅಲ್ಲೇ ನೆಲದ ಮೇಲೆ ಮಲಗಿದ್ದ ಐವರು ಕೆಲಸಗಾರರಿದ್ದರು. ಐವರೂ ಸತ್ತರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದಿದ್ದ ಬಡವರ ಮನೆಯವರು ಅವರು.

ಆ ಐವರು ಅಲ್ಲಿ ಕುಡಿಯಲು ಹೋದವರಲ್ಲ, ದುಡಿಯಲು ಹೋದವರು ಎಂಬುದನ್ನು ‘ಕುಡಿಯುವವನಿಗೆ ಬುದ್ಧಿ ಇರಬೇಕು’ ಎನ್ನುವವರು ಹೇಗೆ ಅರಗಿಸಿಕೊಳ್ಳುತ್ತಾರೆ? ಅಲ್ಲಿ ಯಾರ ಬುದ್ಧಿ ಕೆಟ್ಟಿತ್ತು? ಬಾರೆಂದರೆ ಹೊತ್ತಿಕೊಳ್ಳುವ ಸರಕನ್ನು ಪೇರಿಸಿಟ್ಟ ಜಾಗ. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಅಲ್ಲೇ, ಪ್ಲಾಸ್ಟಿಕ್ ಕ್ರೇಟು ಅಲ್ಲೇ, ಪ್ಲೈವುಡ್ ಪಾರ್ಟಿಷನ್ ಅಲ್ಲೇ. ಇಂಥ ಕಡೆ ಮನುಷ್ಯರು ರಾತ್ರಿ ಮಲಗಬಹುದೇ ಎಂದು ಲೈಸೆನ್ಸ್ ಕೊಡುವವರು ಯಾರೂ ಕೇಳಲಿಲ್ಲ. ಇಂದಿಗೂ ಕೇಳುತ್ತಿಲ್ಲ. ಬೆಂಗಳೂರು ಬಿಡಿ, ತಾಲ್ಲೂಕು ಕೇಂದ್ರದ ಯಾವುದಾದರೂ ಬಾರಿನ ಹಿಂಬದಿಗೆ ರಾತ್ರಿ ಹನ್ನೆರಡರ ಮೇಲೆ ಹೋಗಿ ನೋಡಿ. ಸ್ಟಾಕ್ ರೂಮಿನ ಪೆಟ್ಟಿಗೆಗಳ ನಡುವೆ ಹಾಸಿಗೆ ಸುರುಳಿಗಳು ಬಿಚ್ಚಿಕೊಳ್ಳುತ್ತಿರುತ್ತವೆ.

2023ರ ಅಕ್ಟೋಬರ್ 18ರಂದು ಕೋರಮಂಗಲದ ತಾವರೆಕೆರೆ ಮುಖ್ಯರಸ್ತೆಯ ಕಟ್ಟಡವೊಂದರ ಮೇಲಂತಸ್ತಿನ ಕೆಫೆಯಲ್ಲಿ ಸಿಲಿಂಡರ್‌ಗಳು ಸಿಡಿದವು. ಒಬ್ಬಾತ ನಾಲ್ಕನೇ ಮಹಡಿಯಿಂದ ಕೆಳಗೆ ಹಾರಿದ. ಅವನು ಬದುಕಿದ, ನಮಗೆ ಅಷ್ಟೇ ಸಾಕಾಯಿತು, ಸುದ್ದಿ ಹಳೆಯದಾಯಿತು. 2025ರ ಡಿಸೆಂಬರಿನಲ್ಲಿ ಗೋವಾದ ಅರ್ಪೋರಾದ ನೈಟ್‌ಕ್ಲಬ್ ಹೊತ್ತಿ ಉರಿದು 25 ಜನ ಸತ್ತರು, ಅವರಲ್ಲಿ ಬಹುಪಾಲು ಅಲ್ಲಿನ ಕೆಲಸಗಾರರೇ. ಪ್ರವಾಸಿಗಳು ಮುಂಬಾಗಿಲಿನಿಂದ ಓಡುವಾಗ ಅಡುಗೆಮನೆಯವರು ಓಡಲು ಬಾಗಿಲು ಹುಡುಕುತ್ತಿರುತ್ತಾರೆ. ಮತ್ತೆ ಮತ್ತೆ ಇದೇ ಆಗುತ್ತದೆ. ಪ್ರತಿ ಸಲವೂ ಇದನ್ನು ನಾವು ‘ದುರಂತ’ ಎಂದು ಕರೆದು, ವಿಧಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಇರುವುದೊಂದೇ ಬಾಗಿಲು, ಅದಕ್ಕೂ ಹೊರಗಿನ ಬೀಗ, ಮೆಟ್ಟಿಲಿಗೆ ಅಡ್ಡ ಬಿಯರ್ ಕ್ರೇಟು: ಇದನ್ನೆಲ್ಲ ಮಾಡಿಟ್ಟದ್ದು ಯಾವ ವಿಧಿ? ಕ್ರೇಟನ್ನು ಅಲ್ಲಿಟ್ಟ ಕೈ ಯಾರದೆಂದು ಆ ಬಾರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಇನ್ನು ಲೈಸೆನ್ಸ್ ಎಂದರೇನು ಎಂಬ ಪ್ರಶ್ನೆ. ನಮ್ಮ ಊರುಗಳಲ್ಲಿ ಬಾರ್ ಲೈಸೆನ್ಸಿನ (ಸಿಎಲ್-9) ಬಗ್ಗೆ ಆಸ್ತಿಯ ಹಾಗೆ ಮಾತಾಡುತ್ತಾರೆ. ‘ಅವರ ಹತ್ರ ಎರಡು ಸಿಎಲ್-9 ಇದೆ’ ಎನ್ನುವಾಗಿನ ದನಿ, ಎರಡು ಎಕರೆ ತರಿ ಜಮೀನಿದೆ ಎನ್ನುವಾಗಿನ ದನಿಯೇ. ಕಾನೂನು ಹಾಗೆ ಹೇಳುವುದಿಲ್ಲ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ, ಮದ್ಯ ಮಾರುವುದು ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು. ನಮ್ಮದೇ ರಾಜ್ಯದಿಂದ ಹೋದ ಮೊಕದ್ದಮೆ ಅದು. ದಿನಸಿ ಅಂಗಡಿ ಇಡುವುದು ಹಕ್ಕು, ಸರ್ಕಾರ ಅದನ್ನು ತಡೆಯಬೇಕಾದರೆ ಕಾರಣ ಕೊಡಬೇಕು. ಮದ್ಯದ ವಿಷಯದಲ್ಲಿ ಅದು ತಲೆಕೆಳಗು: ಮಾರಬೇಡ ಎಂಬುದು ಮೊದಲ ಮಾತು, ಇಂತಿಂಥ ಷರತ್ತಿಗೆ ಒಪ್ಪಿದರೆ ಮಾತ್ರ ಮಾರಬಹುದು ಎಂಬುದು ಆಮೇಲಿನ ಮಾತು. ಹಾಗಿದ್ದಮೇಲೆ ಲೈಸೆನ್ಸಿನ ಒಳಗೆ ಇರುವುದೆಲ್ಲ ಷರತ್ತೇ. ಷರತ್ತನ್ನು ತೆಗೆದರೆ ಗೋಡೆಯ ಮೇಲೆ ಉಳಿಯುವುದು ಕಟ್ಟುಹಾಕಿಸಿದ ಒಂದು ಹಾಳೆ.

ಆ ಷರತ್ತುಗಳ ಗತಿ ಏನಾಗಿದೆ ನೋಡಿ. 1992ರಿಂದ ವೈನ್ ಶಾಪ್ ಮತ್ತು ಬಾರುಗಳಿಗೆ ಹೊಸ ಲೈಸೆನ್ಸ್ ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಕುಡಿತ ಕಡಿಮೆಯಾಗಲಿ ಎಂಬ ಉದ್ದೇಶ ಇದ್ದಿರಬಹುದು. ಆದದ್ದೇ ಬೇರೆ. ಇದ್ದ ಲೈಸೆನ್ಸಿಗೆ ಚಿನ್ನದ ಬೆಲೆ ಬಂತು. ಹೆಸರು ಒಬ್ಬರದು, ಗಲ್ಲಾದ ಮೇಲೆ ಕೂತವನು ಇನ್ನೊಬ್ಬ, ಬಂಡವಾಳ ಮೂರನೆಯವನದು ಎಂಬ ಲೀಸ್ ವ್ಯವಹಾರ ಊರೂರಲ್ಲಿ ನಡೆಯುತ್ತಿದೆ. ಅಬಕಾರಿ ಇಲಾಖೆಗೆ ಗೊತ್ತಿಲ್ಲದ ಗುಟ್ಟೇನಲ್ಲ ಇದು. ಏನಾದರೂ ಅನಾಹುತವಾದಾಗ ಪೊಲೀಸರು ಯಾರನ್ನು ಹಿಡಿಯುತ್ತಾರೆ? ಹೆಸರಿನವನು ‘ನಾನು ಕೊಟ್ಟು ಹತ್ತು ವರ್ಷವಾಯಿತು’ ಎನ್ನುತ್ತಾನೆ. ನಡೆಸುವವನು ‘ಲೈಸೆನ್ಸ್ ನನ್ನದಲ್ಲ’ ಎನ್ನುತ್ತಾನೆ. ಕೊನೆಗೆ ಠಾಣೆಯಲ್ಲಿ ರಾತ್ರಿ ಕಳೆಯುವುದು ಕ್ಯಾಷಿಯರ್. ಲೈಸೆನ್ಸನ್ನು ಲೀಸಿಗೆ ಕೊಟ್ಟಾಗ ಹೊಣೆಯನ್ನು ಯಾರೂ ಲೀಸಿಗೆ ತೆಗೆದುಕೊಳ್ಳುವುದಿಲ್ಲ. ಅದು ನಡುವೆ ಎಲ್ಲೋ ಬಿದ್ದುಹೋಗಿರುತ್ತದೆ.

ಈಗ ಗ್ಲಾಸಿಗೆ ಬರೋಣ. ‘ಮಾರುವವನದೇನು ತಪ್ಪು’ ಎನ್ನುವ ಮಾತು ಅತ್ಯಂತ ಸುಳ್ಳಾಗುವುದು ಇಲ್ಲೇ. ಸ್ವಲ್ಪ ಲೆಕ್ಕ ಮಾಡಬೇಕು, ಬೇಸರ ಬೇಡ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ. ಬಾರಿನಲ್ಲಿ ಒಬ್ಬ ‘ಒಂದು ನೈಂಟಿ’ ಎಂದ ಎನ್ನಿ. 90 ಮಿಲಿಲೀಟರಿನಲ್ಲಿ ಸುಮಾರು 38 ಮಿಲಿಲೀಟರ್ ಶುದ್ಧ ಆಲ್ಕೋಹಾಲ್, ತೂಕದಲ್ಲಿ 30 ಗ್ರಾಂ. ಆರೋಗ್ಯವಂತನ ಲಿವರ್ ಗಂಟೆಗೆ ಕರಗಿಸಬಲ್ಲದ್ದು ಹೆಚ್ಚೆಂದರೆ 7ರಿಂದ 10 ಗ್ರಾಂ. ಅಂದರೆ ಆ ಒಂದು ನೈಂಟಿ ಮೈಯಿಂದ ಇಳಿಯಲು ಮೂರು ನಾಲ್ಕು ಗಂಟೆ ಬೇಕು. 60 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಅದನ್ನು ಗಟಗಟನೆ ಕುಡಿದರೆ, ಅವನ 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 70 ಮಿಲಿಗ್ರಾಂ ಸಮೀಪಿಸುತ್ತದೆ. ವಾಹನ ಓಡಿಸುವವನಿಗೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಇಟ್ಟ ಮಿತಿ 30 ಮಿಲಿಗ್ರಾಂ. ಮೊದಲ ನೈಂಟಿಗೇ ಮಿತಿ ಎರಡು ಪಟ್ಟು ದಾಟಿತು. ‘ನಾನು ಬಿಯರ್ ಮಾತ್ರ’ ಎನ್ನುವವನ ಕಥೆಯೂ ಬೇರೆಯಲ್ಲ. 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಆಲ್ಕೋಹಾಲ್ ಅಂಶ ನೂರಕ್ಕೆ 8ರಷ್ಟಿದ್ದರೆ, ಅದರೊಳಗೆ 40 ಗ್ರಾಂ ಇದೆ. ನೈಂಟಿಗಿಂತ ಹೆಚ್ಚು.

ಈ ಲೆಕ್ಕ ಕುಡಿಯುವವನಿಗೆ ಗೊತ್ತಿರುವುದಿಲ್ಲ. ಎರಡನೇ ರೌಂಡಿನ ಮೇಲೆ ತಾನು ಎಷ್ಟು ಕುಡಿದೆ ಎಂಬುದೂ ಅವನಿಗೆ ನೆನಪಿರುವುದಿಲ್ಲ. ಆದರೆ ಅದು ಬಿಲ್ಲಿನಲ್ಲಿ ಇರುತ್ತದೆ. ಸಪ್ಲೈಯರ್ ಚೀಟಿಯಲ್ಲಿ ಬರೆದಿರುತ್ತಾನೆ, ಕ್ಯಾಷಿಯರ್ ಕೂಡಿಸಿರುತ್ತಾನೆ, ಮಾಲೀಕ ರಾತ್ರಿ ನೋಡಿರುತ್ತಾನೆ. ಆ ಮನುಷ್ಯನ ಹೆಂಡತಿಗೆ, ತಾಯಿಗೆ, ಸಿಗ್ನಲ್ಲಿನ ಪೊಲೀಸನಿಗೆ, ಎದುರಿನಿಂದ ಬರುತ್ತಿರುವ ಸ್ಕೂಟರಿನವನಿಗೆ ಯಾರಿಗೂ ಗೊತ್ತಿಲ್ಲದ ಸತ್ಯ ಆ ಚೀಟಿಯಲ್ಲಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ, ಅವನು ಜೇಬಿನಿಂದ ಬೈಕಿನ ಕೀ ತೆಗೆಯುವುದನ್ನು ನೋಡುತ್ತಾ, ‘ಬರ್ತೀರಾ ಸರ್’ ಎಂದು ಕಳಿಸಿಕೊಡುತ್ತಾರಲ್ಲ, ಆಗಲೂ ಮಾರುವವನದೇನೂ ತಪ್ಪಿಲ್ಲವೇ? ಗೊತ್ತಿದ್ದೂ ಸುಮ್ಮನಿದ್ದವನಿಗೆ ನಮ್ಮ ಹಳ್ಳಿಗಳಲ್ಲಿ ಏನೆನ್ನುತ್ತಾರೆ?

ಬ್ರಿಟನ್ನಿನ 2003ರ ಲೈಸೆನ್ಸಿಂಗ್ ಕಾಯ್ದೆಯಲ್ಲಿ ಅಮಲೇರಿದವನಿಗೆ ಮತ್ತೆ ಮದ್ಯ ಮಾರುವುದು ಅಪರಾಧ. ಗ್ಲಾಸು ತುಂಬಿದವನೂ ಉತ್ತರ ಕೊಡಬೇಕು. ಅಲ್ಲಿನ ಪಬ್ಬುಗಳು ಕೇಳಿದವರಿಗೆ ಕುಡಿಯುವ ನೀರನ್ನು ಪುಕ್ಕಟೆ ಕೊಡಲೇಬೇಕು. ಮೆಲ್ಬರ್ನಿನಲ್ಲಿ ಓದುತ್ತಾ ಸಂಜೆ ಪಬ್ಬಿನಲ್ಲಿ ದುಡಿಯುವ ನಮ್ಮ ಕನ್ನಡದ ಹುಡುಗನೂ, ಜವಾಬ್ದಾರಿಯಿಂದ ಮದ್ಯ ಬಡಿಸುವುದು ಹೇಗೆ ಎಂಬ ತರಬೇತಿ ಪಡೆದು ಪ್ರಮಾಣಪತ್ರ ತೋರಿಸಬೇಕು. ಅಮಲಿನ ಲಕ್ಷಣ ಗುರುತಿಸುವುದು, ಜಗಳವಾಗದಂತೆ ‘ಇನ್ನು ಸಾಕು’ ಎನ್ನುವುದು, ಟ್ಯಾಕ್ಸಿ ಕರೆಸುವುದು ಅಲ್ಲಿ ಕಲಿಯಬೇಕಾದ ಕಸುಬು. ಇಲ್ಲಿ? ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹೋಟೆಲುಗಳಲ್ಲಿ 25 ಜನ ಕೆಲಸಗಾರರಿಗೆ ಒಬ್ಬ ತರಬೇತಾದ ಮೇಲ್ವಿಚಾರಕ ಇರಬೇಕೆನ್ನುತ್ತದೆ. ಇಡ್ಲಿ ಬಡಿಸಲು ಕೈ ಹೇಗೆ ತೊಳೆಯಬೇಕೆಂದು ಹೇಳಿಕೊಡುವ ನಾವು, ಮನುಷ್ಯನ ಎಚ್ಚರವನ್ನೇ ಇಳಿಸುವ ದ್ರವವನ್ನು ಬಡಿಸುವ ಹುಡುಗನಿಗೆ ಒಂದು ತಾಸಿನ ಪಾಠವನ್ನೂ ಹೇಳುವುದಿಲ್ಲ. ಅವನಿಗೆ ಹೇಳಿಕೊಟ್ಟಿರುವುದು ಒಂದೇ: ಗ್ಲಾಸು ಖಾಲಿಯಾದೊಡನೆ ‘ರಿಪೀಟ್ ಸರ್?’ ಎನ್ನಬೇಕು.

ಮಾಲೀಕರು ಒಂದು ಮಾತು ಹೇಳುತ್ತಾರೆ, ಅದಕ್ಕೆ ಉತ್ತರ ಕೊಡಲೇಬೇಕು. ‘ನಾನು ಸಾಕು ಅಂದರೆ ಅವನು ಪಕ್ಕದ ಬಾರಿಗೆ ಹೋಗ್ತಾನೆ. ನನಗೆ ಗಿರಾಕಿ ಹೋದ, ಅವನ ಅಮಲೇನೂ ಇಳಿಯಲಿಲ್ಲ.’ ನಿಜ. ಅದಕ್ಕಾಗಿಯೇ ಇದನ್ನು ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಡಬಾರದು. ಬೀದಿಯ ಎಲ್ಲ ಬಾರಿಗೂ ಒಂದೇ ಕಟ್ಟಳೆಯಾದರೆ, ಸಾಕು ಎಂದವನು ಗಿರಾಕಿ ಕಳೆದುಕೊಳ್ಳುವುದಿಲ್ಲ. ಒಳ್ಳೆಯ ಮಾಲೀಕರೂ ಇದ್ದಾರೆ. ರಾತ್ರಿ ತಾವೇ ಆಟೋ ಹಿಡಿದು ಗಿರಾಕಿಯನ್ನು ಕಳಿಸಿಕೊಟ್ಟು, ಬೈಕನ್ನು ಒಳಗಿಟ್ಟುಕೊಂಡು ಬೆಳಿಗ್ಗೆ ಕೀ ಕೊಡುವವರನ್ನು ನಾನು ಬಲ್ಲೆ. ಈಗಿನ ವ್ಯವಸ್ಥೆ ಅವರಿಗೆ ನಷ್ಟ ಮಾಡುತ್ತದೆ, ಕಣ್ಣು ಮುಚ್ಚಿಕೊಂಡು ತುಂಬುವವನಿಗೆ ಲಾಭ ಮಾಡುತ್ತದೆ.

2024ರಲ್ಲಿ ಬೆಂಗಳೂರಿನ ಬಾರುಗಳ ಹೊತ್ತನ್ನು ರಾತ್ರಿ ಒಂದು ಗಂಟೆಯವರೆಗೆ ವಿಸ್ತರಿಸಿದರು. ಉದ್ಯಮದವರು ಕೇಳಿದರು, ಸರ್ಕಾರ ಕೊಟ್ಟಿತು. ಆ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ, ಸಿಟಿ ಬಸ್ಸು ಸಿಗುವುದು ಅಪರೂಪ. ಒಂದು ಗಂಟೆಗೆ ಹೊರಗೆ ಬಂದವನು ಮನೆಗೆ ಹೇಗೆ ಹೋಗಬೇಕು ಎಂಬ ಒಂದು ಸಾಲು ಆ ಆದೇಶದ ಜೊತೆ ಬರಬೇಕಿತ್ತಲ್ಲವೇ? ಹೊತ್ತು ಹೆಚ್ಚಿಸುವುದನ್ನು ನಾನು ವಿರೋಧಿಸುವುದಿಲ್ಲ. ಹೊಣೆಯನ್ನು ಹಳೆಯ ಹೊತ್ತಿಗೇ ನಿಲ್ಲಿಸಿ ಬಾಗಿಲು ಹಾಕುವ ಹೊತ್ತನ್ನು ಮಾತ್ರ ಒಂದಕ್ಕೆ ಒಯ್ದದ್ದನ್ನು ವಿರೋಧಿಸುತ್ತೇನೆ.

ವಯಸ್ಸಿನ ಕತೆ ಇನ್ನೂ ನೋವಿನದು. ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ, ಲೈಸೆನ್ಸಿನ ಸಾಮಾನ್ಯ ಷರತ್ತುಗಳ ನಿಯಮದಲ್ಲಿ 21 ಎಂದಿದೆ. ಈ ಎರಡನ್ನು ಒಂದು ಮಾಡುತ್ತೇವೆಂದು 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿ 21ನ್ನು 18ಕ್ಕೆ ಇಳಿಸಹೊರಟಿತು. ಜನ ಎದ್ದು ನಿಂತರು, ಕರಡು ಹಿಂದೆ ಹೋಯಿತು. ಎಲ್ಲರೂ ಗೆದ್ದೆವೆಂದು ಮನೆಗೆ ಹೋದರು. ಆದರೆ ಕಾಗದದ ಮೇಲೆ 21 ಉಳಿದದ್ದರಿಂದ ಯಾವ ಕೌಂಟರಿನಲ್ಲಿ ಏನು ಬದಲಾಯಿತು? ವಯಸ್ಸಿನ ದಾಖಲೆ ಕೇಳುವ ವೈನ್ ಶಾಪನ್ನು ನಿಮ್ಮೂರಿನಲ್ಲಿ ನೀವು ಎಂದಾದರೂ ಕಂಡಿದ್ದೀರಾ? ಕಾಲೇಜಿನ ಬ್ಯಾಗು ಬೆನ್ನಿಗೆ ಹಾಕಿಕೊಂಡೇ ಬಂದ ಹುಡುಗನ ಕೈಗೆ, ಗ್ರಿಲ್ಲಿನ ಸಂದಿಯಿಂದ ಕ್ವಾರ್ಟರ್ ಬರುತ್ತದೆ. ಮುಖವನ್ನೂ ನೋಡುವುದಿಲ್ಲ, ನೋಟನ್ನು ನೋಡುತ್ತಾರೆ.

ವೈನ್ ಶಾಪಿನ ಮಾತು ಬಂತು. ಸಿಎಲ್-2 ಲೈಸೆನ್ಸ್ ಎಂದರೆ ಸೀಲು ಒಡೆಯದ ಬಾಟಲಿಯನ್ನು ಮಾರಿ ಕಳಿಸುವುದು, ಅಲ್ಲಿ ಕೂರಿಸಿಯೋ ನಿಲ್ಲಿಸಿಯೋ ಕುಡಿಸುವಂತಿಲ್ಲ. ಹಾಗಾದರೆ ಅಂಗಡಿಯ ಮಗ್ಗುಲಿನ ಓಣಿಯಲ್ಲಿ ಸಾಲಾಗಿ ನಿಂತು ಕುಡಿಯುತ್ತಿರುವವರು ಯಾರು? ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು, ಬೇಯಿಸಿದ ಮೊಟ್ಟೆ ಸಿಗುವುದು ಯಾರಿಗಾಗಿ? ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಗಳ ಮುಂದೂ ಇದೇ ನೋಟ. ಶಾಲೆ, ಆಸ್ಪತ್ರೆ, ದೇವಸ್ಥಾನದಿಂದ ನೂರು ಮೀಟರ್ ದೂರವಿರಬೇಕೆಂದು ನಿಯಮ ಅಳೆಯುತ್ತದೆ. ನೂರೊಂದನೇ ಮೀಟರಿನಿಂದ ಶಾಲೆಯ ಗೇಟಿನವರೆಗೆ ತೂರಾಡುತ್ತಾ ಬರುವವನನ್ನು ಯಾವ ಟೇಪು ಅಳೆಯುತ್ತದೆ? ಸಂಜೆ ಐದರ ಮೇಲೆ ಆ ಬೀದಿಯಲ್ಲಿ ಹೆಣ್ಣುಮಕ್ಕಳು ನಡೆಯುವುದನ್ನೇ ಬಿಟ್ಟು ಸುತ್ತುಹಾಕಿ ಹೋಗುತ್ತಾರೆ. ಅವರು ಬಿಟ್ಟುಕೊಟ್ಟ ಆ ಬೀದಿಗೆ ಲೈಸೆನ್ಸ್ ಕೊಟ್ಟವರು ಯಾರು?

ಹಳ್ಳಿಗಳಲ್ಲಿ ಇದರ ಇನ್ನೊಂದು ಮುಖ. ಪೇಟೆಯ ಲೈಸೆನ್ಸ್ ಅಂಗಡಿಯಿಂದ ಬಾಕ್ಸುಗಟ್ಟಲೆ ಸರಕು ಬೈಕಿನ ಮೇಲೆ ಹೊರಡುತ್ತದೆ, ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ, ಚಹಾ ಅಂಗಡಿಗಳಲ್ಲಿ ಒಂದಕ್ಕೊಂದೂವರೆ ಬೆಲೆಗೆ ಬಿಕರಿಯಾಗುತ್ತದೆ. ಬೆಳಿಗ್ಗೆ ಆರಕ್ಕೇ ಟೆಟ್ರಾ ಪ್ಯಾಕ್ ಹಲ್ಲಲ್ಲಿ ಕಚ್ಚಿ ಹರಿದು ಕುಡಿದು ಹೊಲದ ಬದುವಿನಲ್ಲಿ ಬಿದ್ದವರನ್ನು ಎತ್ತಿ ತಂದವರು ಆ ಮನೆಗಳ ಹೆಂಗಸರು. ಅವರೇ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ರಾಯಚೂರು ಕಡೆಯವರೂ ಸೇರಿ, ಕೂಲಿ ಬಿಟ್ಟು, ಸಾವಿರಾರು ಮಂದಿ, ಇನ್ನೂರು ಕಿಲೋಮೀಟರಿನಷ್ಟು ದೂರ. ಅವರು ಕೇಳಿದ್ದು ಮದ್ಯನಿಷೇಧ. ನಾನು ನಿಷೇಧದ ಪರವಾಗಿಲ್ಲದಿದ್ದರೂ ಅವರ ಪಾದದ ಬೊಬ್ಬೆಗಳ ಮುಂದೆ ತಲೆ ತಗ್ಗಿಸುತ್ತೇನೆ. ಏಕೆಂದರೆ ಅವರ ಊರಿನಲ್ಲಿ ನಡೆಯುತ್ತಿದ್ದದ್ದು ಲೈಸೆನ್ಸ್ ಇಲ್ಲದ ಮಾರಾಟ, ಅದನ್ನು ನಿಲ್ಲಿಸಲು ಹೊಸ ಕಾನೂನೇ ಬೇಕಿರಲಿಲ್ಲ. ಇದ್ದ ಕಾನೂನನ್ನು ಯಾರೂ ನಡೆಸದೆ ಇದ್ದುದರಿಂದ ಅವರು ನಡೆಯಬೇಕಾಯಿತು.

ಸರ್ಕಾರ ‘ನಮಗೆ ತಿಳಿಯದು’ ಎನ್ನುವಂತಿಲ್ಲ. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. ಡಿಪೋದಿಂದ ಹೊರಟ ಪ್ರತಿ ಪೆಟ್ಟಿಗೆ ಯಾವ ಲೈಸೆನ್ಸಿಗೆ ಹೋಯಿತು ಎಂಬ ಲೆಕ್ಕ ಅಲ್ಲಿದೆ. ಮೂರು ಸಾವಿರ ಜನರಿರುವ ಊರಿನ ಅಂಗಡಿ ಹತ್ತು ಸಾವಿರ ಜನಕ್ಕಾಗುವಷ್ಟು ಎತ್ತುವಳಿ ಮಾಡಿದರೆ, ಉಳಿದ ಪೆಟ್ಟಿಗೆಗಳು ಎಲ್ಲಿಗೆ ಹೋದವು ಎಂದು ಕೇಳಲು ಪತ್ತೇದಾರ ಬೇಕೇ? ಕೇಳದೆ ಇರುವುದಕ್ಕೆ ಕಾರಣ ಬಜೆಟ್ಟಿನಲ್ಲಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಅಧಿಕಾರಿಗೆ ಮೇಲಿನಿಂದ ಬರುವ ಪ್ರಶ್ನೆ ‘ಗುರಿ ಮುಟ್ಟಿತೇ’ ಎಂಬುದು. ನಿನ್ನ ವಲಯದಲ್ಲಿ ಎಷ್ಟು ಬಾರಿಗೆ ಎರಡನೇ ಬಾಗಿಲಿದೆ, ಎಷ್ಟು ಸಪ್ಲೈಯರ್‌ಗಳು ಒಳಗೆ ಮಲಗುತ್ತಾರೆ ಎಂದು ಅವನನ್ನು ಯಾರು ಕೇಳಿದ್ದಾರೆ? ವಸೂಲಿ ಮಾಡಬೇಕಾದವನನ್ನೇ ಕಾವಲಿಗೂ ನಿಲ್ಲಿಸಿದ್ದೇವೆ. ವಸೂಲಿ ಕಡಿಮೆಯಾದರೆ ಅವನಿಗೆ ನೋಟಿಸು, ಕಾವಲು ಕಡಿಮೆಯಾದರೆ ಏನೂ ಇಲ್ಲ. ಅವನು ಯಾವ ಕೆಲಸ ಮಾಡುತ್ತಾನೆಂದು ಊಹಿಸಲು ಕಷ್ಟವೇ?

ಇಷ್ಟು ಹೇಳಿದೊಡನೆ ಕೆಲವು ಹಿರಿಯರು ‘ಅದಕ್ಕೇ ನಾವು ಹೇಳುವುದು, ಎಲ್ಲ ಮುಚ್ಚಿ’ ಎನ್ನುತ್ತಾರೆ. ಅವರ ಪ್ರಾಮಾಣಿಕತೆಯನ್ನು ಗೌರವಿಸಿಯೇ ಹೇಳುತ್ತೇನೆ, ಬಾರುಗಳನ್ನು ಈ ಸ್ಥಿತಿಯಲ್ಲಿ ಇಟ್ಟದ್ದರಲ್ಲಿ ಅವರ ಪಾಲೂ ಇದೆ. ಬಾರನ್ನು ಸರಿಪಡಿಸಿ ಎಂದರೆ ಬಾರನ್ನು ಒಪ್ಪಿಕೊಂಡಂತೆ ಎಂದು ಅವರು ತಿಳಿದಿದ್ದಾರೆ. ಹಾಗಾಗಿ ಅವರು ಎಂದೂ ತುರ್ತು ಬಾಗಿಲು ಕೇಳಲಿಲ್ಲ, ಸಪ್ಲೈಯರಿಗೆ ತರಬೇತಿ ಕೇಳಲಿಲ್ಲ. ಕೊಳಕು ಕೊಳಕಾಗಿಯೇ ಇರಲಿ, ಆಗ ಅದನ್ನು ದ್ವೇಷಿಸುವುದು ಸುಲಭ. ಮುಚ್ಚಿದಾಗ ಏನಾಗುತ್ತದೆಂದು ನಾವು ಕಂಡಿದ್ದೇವೆ. 2007ರ ಜುಲೈ 1ರಂದು ನಮ್ಮಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ, ಕೋಲಾರದಲ್ಲಿ, ಗಡಿಯಾಚೆ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಬಡವರು ಸತ್ತರು. ಬಿಹಾರ 2016ರಲ್ಲಿ ಪೂರ್ತಿ ನಿಷೇಧ ತಂದಿತು. 2022ರ ಡಿಸೆಂಬರಿನಲ್ಲಿ ಅಲ್ಲಿನ ಸಾರಣ್ ಜಿಲ್ಲೆಯಲ್ಲಿ ಹೆಣಗಳ ಸಾಲು ನೋಡಬೇಕಾಯಿತು. ಕದ್ದು ಮಾರುವವನಿಗೆ ಯಾವ ಷರತ್ತನ್ನೂ ಹಾಕಲಾಗದು. ಲೈಸೆನ್ಸ್ ಇರುವವನಿಗೆ ಹಾಕಬಹುದು. ಆ ಒಂದು ಹಿಡಿತ ನಮ್ಮ ಕೈಯಲ್ಲಿದೆ, ಅದನ್ನು ನಾವು ಬಳಸುತ್ತಿಲ್ಲ.

ನಮ್ಮ ರಾಜ್ಯದ ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪ್ರತಿ ವರ್ಷ ಲೈಸೆನ್ಸ್ ನವೀಕರಿಸಬೇಕು. ಈಗ ಆ ಮೇಜಿನ ಮುಂದೆ ಕೇಳುವ ಮುಖ್ಯ ಪ್ರಶ್ನೆ ಶುಲ್ಕ ಕಟ್ಟಿದ್ದೀರಾ ಎಂಬುದು. ಇನ್ನು ಮುಂದೆ ಅಲ್ಲಿ ಬೇರೆ ಪ್ರಶ್ನೆಗಳು ಬರಲಿ. ಒಳಗಿನಿಂದ ತೆರೆಯುವ ಎರಡನೇ ಬಾಗಿಲು ಎಲ್ಲಿದೆ, ತೋರಿಸಿ. ಇಲ್ಲಿ ದುಡಿಯುವವರು ರಾತ್ರಿ ಎಲ್ಲಿ ಮಲಗುತ್ತಾರೆ, ಆ ಕೋಣೆಯ ವಿಳಾಸ ಕೊಡಿ. ಬಡಿಸುವ ಹುಡುಗರಿಗೆ ತರಬೇತಿ ಕೊಡಿಸಿದ ಪ್ರಮಾಣಪತ್ರ ಇಡಿ. ಕುಡಿಯುವ ನೀರು ಪುಕ್ಕಟೆ ಇದೆಯೇ? 30 ಮಿಲಿಲೀಟರಿನ ಅಳತೆ ಕೇಳಿದವನಿಗೆ ಮುಖ ಸಿಂಡರಿಸದೆ ಕೊಡುತ್ತೀರಾ? ವಾಹನ ತಂದವನು ಕುಡಿದರೆ ಅವನನ್ನು ಮನೆಗೆ ಕಳಿಸುವ ಏರ್ಪಾಡು ಏನು? ಲೈಸೆನ್ಸಿನಲ್ಲಿರುವ ಹೆಸರಿನವರೇ ನಡೆಸುತ್ತಿದ್ದೀರಾ, ಇಲ್ಲದಿದ್ದರೆ ನಡೆಸುವವರ ಹೆಸರನ್ನೂ ಈ ಹಾಳೆಯಲ್ಲಿ ಬರೆಯಿರಿ, ಅಪರಾಧವಾದರೆ ಇಬ್ಬರೂ ಬನ್ನಿ. ತಪಾಸಣೆಯನ್ನು ವಸೂಲಿ ಮಾಡುವ ಇಲಾಖೆಯಿಂದ ಬಿಡಿಸಿ, ಅಗ್ನಿಶಾಮಕ ಮತ್ತು ಕಾರ್ಮಿಕ ಇಲಾಖೆಯವರನ್ನು ಸೇರಿಸಿ ಬೇರೆ ತಂಡಕ್ಕೆ ಕೊಡಲಿ. ವರದಿಯನ್ನು ಬಾರಿನ ಬಾಗಿಲಲ್ಲೇ ಕನ್ನಡದಲ್ಲಿ ಅಂಟಿಸಲಿ, ಒಳಗೆ ಹೋಗುವವನು ಓದಿಕೊಂಡು ಹೋಗಲಿ. ಅಬಕಾರಿಯ ಆ 40,000 ಕೋಟಿಯಲ್ಲಿ ಒಂದು ಚೂರನ್ನು ತೆಗೆದರೂ ಇದಕ್ಕೆಲ್ಲ ಧಾರಾಳವಾಗಿ ಸಾಲುತ್ತದೆ.

ಇವಕ್ಕೆ ಉತ್ತರವಿಲ್ಲದ ಬಾರಿನ ನವೀಕರಣವನ್ನು ತಡೆಹಿಡಿಯಬೇಕು. ಒಂದು ದಿನ ಅಲ್ಲ, ಉತ್ತರ ಬರುವವರೆಗೆ. ಗುರಿ ಕಡಿಮೆಯಾದರೆ ಆಗಲಿ.

ನಮ್ಮೂರ ಆ ಹುಡುಗ ಯುಗಾದಿ ಮುಗಿಸಿ ವಾಪಸು ಹೋದ. ಅವನ ಅವ್ವ ಹೋಳಿಗೆ ಕಟ್ಟಿ ಕೊಟ್ಟಳು, ಬಸ್ಸಿನವರೆಗೆ ಬಂದಳು. ಅವನು ಮಲಗುವ ಜಾಗಕ್ಕೆ ಹೊರಗಿನಿಂದ ಬೀಗ ಬೀಳುತ್ತದೆಂದು ಅವಳಿಗೆ ಅವನು ಹೇಳಿಲ್ಲ, ನಾನೂ ಹೇಳಲಾರದೆ ಹೋದೆ. ಬರುವ ಜೂನ್ 30ರೊಳಗೆ ಒಂದು ರಾತ್ರಿ, ಕೊನೆಯ ಗಿರಾಕಿ ಹೊರಟು ಷಟರ್ ಬಿದ್ದ ಮೇಲೆ, ಆ ಷಟರಿನ ಮುಂದೆ ಸರ್ಕಾರದ ಒಬ್ಬ ಅಧಿಕಾರಿ ನಿಂತು ಬೀಗ ತೆಗೆಸಲಿ.